ಪೆಂಗ್ವಿನ್ನಿಗೆ ಒತ್ತಕ್ಷರ ಬಂದ ಕಥೆ

ಲಿನಕ್ಸ್ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಲ್ಲಿ ಎರಡು ಥರ. ‘ಪುಕ್ಕಟೆ, ವೈರಸ್ ಕಾಟ ಇಲ್ಲ, ಇವತ್ತೇ ಹಾಕ್ಕೊಳ್ಳಿ’ ಅನ್ನುವುದು ಒಂದು. ‘ಹಾಕ್ಕೊಂಡೆ, ಪ್ರಿಂಟರ್ ಮಾತು ಕೇಳಲಿಲ್ಲ, ತೆಗೆದು ಬಿಸಾಕಿದೆ’ ಅನ್ನುವುದು ಇನ್ನೊಂದು. ಎರಡನ್ನೂ ನೀವು ಬೇಕಾದಷ್ಟು ಓದಿರುತ್ತೀರಿ. ನಾನು ಬರೆಯಬೇಕು ಅಂದುಕೊಂಡಿರುವುದು ಬೇರೆ. 2006ರಿಂದ ನನ್ನ ಮನೆಯ ಗಣಕದಲ್ಲಿರುವುದು ಲಿನಕ್ಸ್. ಅನುವಾದ, ಕರಡು ತಿದ್ದುವುದು, ಲೆಕ್ಕ ಬರೆಯುವುದು, ಕರೆಂಟ್ ಬಿಲ್ ಕಟ್ಟುವುದು, ಸಿನಿಮಾ, ಈ ಬ್ಲಾಗ್, ಎಲ್ಲ ಅದರಲ್ಲೇ. ಹೊಟ್ಟೆಪಾಡು ಅದರ ಮೇಲೆ ನಿಂತಿದೆ. ಹಾಗಾಗಿ ನನಗಿರುವ ಕುತೂಹಲ ಇಷ್ಟೇ: ಬೆಳಿಗ್ಗೆಯಿಂದ ಸಂಜೆವರೆಗೆ ಕನ್ನಡದಲ್ಲೇ ಕೆಲಸ ಮಾಡುವವನಿಗೆ ಈ ಲಿನಕ್ಸ್ ಯಾವಾಗ ಒದಗಿತು? ಯಾರು ಒದಗಿಸಿದರು? ಏನು ಇನ್ನೂ ಒದಗಿಲ್ಲ?

ಸ್ವಲ್ಪ ಉದ್ದವಾಗುತ್ತದೆ, ಕಾಫಿ ತಂದಿಟ್ಟುಕೊಳ್ಳಿ :-)

ಮೊದಲಿಗೆ ಒಂದು ಕಾಕತಾಳೀಯ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ತೊರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ, ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ, ಬರೀ ಹವ್ಯಾಸಕ್ಕೆ, ಅಂತ ಅಂತರ್ಜಾಲದ ಒಂದು ಚರ್ಚಾಗುಂಪಿಗೆ ತಿಳಿಸಿದ. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರಿನಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಅಚ್ಚಾಗಿ ಬಂತು. ಅದರಲ್ಲಿ ಕನ್ನಡಕ್ಕೂ 128 ಮನೆಗಳ ಒಂದು ಕೇರಿ ಇತ್ತು. ಒಂದೇ ವರ್ಷ ಹುಟ್ಟಿದ ಇಬ್ಬರು! ಆದರೆ ಇವರಿಬ್ಬರೂ ಸರಿಯಾಗಿ ಮುಖ ನೋಡಿಕೊಳ್ಳುವುದಕ್ಕೆ ಹತ್ತು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ನಡುವೆ ಏನೇನಾಯಿತು ಅನ್ನುವುದೇ ಇಲ್ಲಿನ ವಿಷಯ.

ಲಿನಸ್ ಬರೆದದ್ದು ಕರ್ನೆಲ್ ಮಾತ್ರ, ಅಂದರೆ ಯಂತ್ರದ ಜೊತೆ ವ್ಯವಹರಿಸುವ ಒಳಗಿನ ಭಾಗ. ಅದರ ಸುತ್ತಲಿನ ಪಾತ್ರೆ ಪಗಡಿಯನ್ನು 1983ರಲ್ಲಿ ಗ್ನೂ ಯೋಜನೆ ಘೋಷಿಸಿದ್ದ ರಿಚರ್ಡ್ ಸ್ಟಾಲ್‌ಮನ್ ಮತ್ತು ಅವರ ಸಂಗಡಿಗರು ಅಷ್ಟರಲ್ಲಿ ಮಾಡಿಟ್ಟಿದ್ದರು. 1992ರಲ್ಲಿ ಲಿನಕ್ಸ್ ಕೂಡ ಗ್ನೂ ಪರವಾನಗಿಯಡಿ ಬಂತು: ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು, ಹಂಚುವುದಾದರೆ ಮೂಲವನ್ನೂ ಕೊಡಬೇಕು. ‘ತಿದ್ದಬಹುದು’ ಅನ್ನುವ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮಗೆ ಬೇಕಾಗುತ್ತದೆ.

ಆಗ ಅದು ಕಪ್ಪು ಪರದೆ, ಬಿಳಿ ಅಕ್ಷರ. ನನ್ನಂಥವರಿಗಲ್ಲ. ಕಿಟಕಿ, ಮೆನು, ಚಿತ್ರಗಳ ಡೆಸ್ಕ್‌ಟಾಪ್ ಬೇಕು ಅಂತ 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಕ್ ಕೆಡಿಇ ಶುರು ಮಾಡಿದರು. ಅದರ ತಳಪಾಯವಾಗಿದ್ದ ಕ್ಯೂಟಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ ಅಂತ ಜಗಳವಾಗಿ, 1997ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೋ ಮೇನಾ ಗ್ನೋಮ್ ಶುರು ಮಾಡಿದರು. 2000ದಲ್ಲಿ ಕ್ಯೂಟಿಯೂ ಮುಕ್ತವಾಯಿತು, ಜಗಳದ ಕಾರಣ ಮುಗಿಯಿತು, ಆದರೆ ಮನೆ ಎರಡಾಗಿದ್ದು ಎರಡಾಗಿಯೇ ಉಳಿಯಿತು. (ಅಣ್ಣತಮ್ಮಂದಿರ ಆಸ್ತಿ ಭಾಗ ಆದಮೇಲೆ ಯಾರಾದರೂ ಮತ್ತೆ ಒಂದಾದದ್ದನ್ನು ನೋಡಿದ್ದೀರಾ?)

ನಮ್ಮ ಕಡೆಗೆ ಇದು ಬಂದದ್ದು ಪತ್ರಿಕೆಯ ಜೊತೆ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಿಡಿಯಲ್ಲಿ ಲಿನಕ್ಸ್ ಹಾಕಿ ಹಂಚಿತು. ಡಯಲ್ ಅಪ್ ಕಾಲದಲ್ಲಿ ಅಷ್ಟು ದೊಡ್ಡದನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವ ಮಾತೇ ಇರಲಿಲ್ಲ, ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದೇ ಪುಣ್ಯ. ಇದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮಾವೇಶದ ಹಿಂದೆ ಇದ್ದವರೂ ಅವರೇ. ಅದೇ 2005ರಿಂದ ಫಾಸ್.ಇನ್ ಅಂತಾಗಿ 2012ರವರೆಗೆ ನಡೆಯಿತು. 2013ರ ಜೂನಿನಲ್ಲಿ ಚಿಟ್ನಿಸ್ ತೀರಿಕೊಂಡರು. ಹಾಗೆ ನೋಡಿದರೆ ಬೆಂಗಳೂರಿಗೆ ಲಿನಕ್ಸ್ ಹೊಸದೇನಲ್ಲ. ಆ ಸಮಾವೇಶಗಳಿಗೆ ಪ್ರಪಂಚದ ಮೂಲೆಮೂಲೆಯಿಂದ ಜನ ಬರುತ್ತಿದ್ದರು. ಆದರೆ ಊರಿನ ಭಾಷೆ ಅದರ ಪರದೆಯ ಮೇಲೆ ಬರುವುದು ಬೇರೆಯದೇ ಕಥೆ.

ಆಗ ಗಣಕದಲ್ಲಿ ಕನ್ನಡ ಅಂದರೆ ಏನಾಗಿತ್ತು? ನಿಮ್ಮಲ್ಲಿ ಹಳಬರಿಗೆ ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ಯೂನಿಕೋಡ್ ಪುಸ್ತಕದಲ್ಲಿತ್ತು, ಯಂತ್ರದಲ್ಲಿರಲಿಲ್ಲ. ಹಾಗಾಗಿ ಎಲ್ಲರೂ ಒಂದು ಉಪಾಯ ಮಾಡಿದರು: ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟು. ನುಡಿ, ಬರಹ, ಶ್ರೀಲಿಪಿ, ಆಕೃತಿ, ಎಲ್ಲವೂ ಶುರುವಾದದ್ದು ಇದೇ ಉಪಾಯದಿಂದ. ನುಡಿಯಲ್ಲಿ ‘ಕನ್ನಡ’ ಅಂತ ಬರೆದು ಫಾಂಟ್ ಬದಲಿಸಿ ನೋಡಿದರೆ ಕಾಣುತ್ತಿದ್ದದ್ದೇನು ಗೊತ್ತೆ? ಒಂದು ‘ಪಿ’, ತಲೆಯ ಮೇಲೆ ಓರೆ ಗೀಟಿರುವ ಒಂದು ‘ಎ’, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಗೀಟಿನ ‘ಎ’, ನ-ವತ್ತಿನ ಜಾಗದಲ್ಲಿ ಜರ್ಮನ್ನರ ಜೋಡಿ ‘ಎಸ್’ ಅಕ್ಷರ, ಒಂದು ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಅಂದರೆ ಗಣಕದ ಮಟ್ಟಿಗೆ ನಾವು ಕನ್ನಡ ಬರೆಯುತ್ತಲೇ ಇರಲಿಲ್ಲ, ಪೌಂಡು ಬರೆದು ಅದಕ್ಕೆ ‘ನ’ದ ವೇಷ ಹಾಕುತ್ತಿದ್ದೆವು. ವೇಷ ಕಳಚಿದರೆ ಮುಗಿಯಿತು.

ಇದನ್ನು ಹೀಯಾಳಿಸುವ ಉದ್ದೇಶ ನನಗಿಲ್ಲ. ಆ ಉಪಾಯ ಇಲ್ಲದಿದ್ದರೆ ಹದಿನೈದು ವರ್ಷ ಕನ್ನಡದ ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆ, ಸರ್ಕಾರಿ ಸುತ್ತೋಲೆ ಯಾವುದೂ ಗಣಕದಲ್ಲಿ ತಯಾರಾಗುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಮೇಲೆ ಹೊರದೇಶದಲ್ಲಿದ್ದವರೂ ಅಮ್ಮನಿಗೆ ಕನ್ನಡದಲ್ಲಿ ಕಾಗದ ಬರೆದರು. ಆದರೆ ಲಿನಕ್ಸಿನ ದೃಷ್ಟಿಯಿಂದ ಇದರಲ್ಲೊಂದು ತೊಡಕಿತ್ತು. ಫಾಂಟನ್ನು ಲಿನಕ್ಸಿಗೆ ನಕಲು ಮಾಡಿಕೊಂಡರೆ ಹಳೆಯ ಕಡತ ಓದಬಹುದಿತ್ತು. ಬರೆಯುವುದಕ್ಕೆ ಆಗುತ್ತಿರಲಿಲ್ಲ, ಏಕೆಂದರೆ ಕೀಲಿ ಒತ್ತಿದಾಗ ತುಣುಕು ಜೋಡಿಸುವ ತಂತ್ರಾಂಶ ವಿಂಡೋಸಿನದು. ಓದಬಹುದು, ಬರೆಯಬಾರದು! ಗ್ರಂಥಾಲಯದಲ್ಲಿ ಪೆನ್ನು ಕಸಿದುಕೊಂಡು ಒಳಗೆ ಬಿಟ್ಟ ಹಾಗೆ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು, ಜೊತೆಗೆ ತುಂಗಾ ಫಾಂಟು. ಯೂನಿಕೋಡ್ ಕನ್ನಡ ಮನೆಮನೆಯ ಗಣಕಕ್ಕೆ ಬಂದದ್ದು ಆಗ. ಅದೂ ನೇರವಾಗಿ ಅಲ್ಲ, ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಸಂಕೀರ್ಣ ಲಿಪಿಗಳ ಚೌಕದಲ್ಲಿ ಗುರುತು ಹಾಕಬೇಕು, ಆಗ ಅದು ಎಕ್ಸ್‌ಪಿ ಸಿಡಿ ಕೇಳುತ್ತದೆ. 2006-07ರಲ್ಲಿ ನಮ್ಮ ಎಷ್ಟೋ ಬ್ಲಾಗುಗಳ ಪಕ್ಕದಲ್ಲಿ ‘ಕನ್ನಡ ಸರಿಯಾಗಿ ಕಾಣುತ್ತಿಲ್ಲವೇ? ಇಲ್ಲಿ ಒತ್ತಿ’ ಅಂತ ಇರುತ್ತಿತ್ತಲ್ಲ, ಅದು ಇದಕ್ಕೇ.

ಲಿನಕ್ಸಿನಲ್ಲಿ ಆ ಹೊತ್ತಿಗೆ ಏನು ನಡೆಯುತ್ತಿತ್ತು ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ.

ಕನ್ನಡ ಪರದೆಯ ಮೇಲೆ ಬರಬೇಕಾದರೆ ಫಾಂಟ್ ಇದ್ದರೆ ಸಾಲದು. ‘ಕ’, ಹಲಂತ, ‘ಷ’, ಈ ಮೂರು ಸಾಲಾಗಿ ಬಂದಾಗ ‘ಕ್ಷ’ ಮಾಡಬೇಕು ಅಂತ ಯಾರೋ ನಿರ್ಧರಿಸಬೇಕು. ‘ರ’, ಹಲಂತ, ‘ಯ’ ಬಂದರೆ ಯ ಬರೆದು ಅದರ ಪಕ್ಕಕ್ಕೆ ಅರ್ಕಾವತ್ತು ಇಡಬೇಕು. ಕೊಂಬು ಎಲ್ಲಿ, ದೀರ್ಘ ಎಲ್ಲಿ, ವತ್ತು ಎಷ್ಟು ಕೆಳಗೆ. ಇದಕ್ಕೆ ಶೇಪಿಂಗ್ ಅನ್ನುತ್ತಾರೆ. ಇಂಗ್ಲಿಷಿಗೆ ಇದರ ಗೊಡವೆ ಹೆಚ್ಚುಕಡಿಮೆ ಇಲ್ಲ. ಹಾಗಾಗಿ ಮೊದಲಿಗೆ ಯಾರೂ ಇದನ್ನು ಮಾಡಿರಲೂ ಇಲ್ಲ. 1999ರಲ್ಲಿ ಓವನ್ ಟೇಲರ್ ಮತ್ತಿತರರು ಗ್ನೋಮ್‌ಗಾಗಿ ಪ್ಯಾಂಗೋ ಶುರು ಮಾಡಿದರು. ಗ್ರೀಕಿನ ‘ಪ್ಯಾನ್’ ಅಂದರೆ ಎಲ್ಲ, ಜಪಾನಿಯ ‘ಗೋ’ ಅಂದರೆ ಭಾಷೆ. ಹೆಸರಲ್ಲೇ ಆಸೆ ಎಷ್ಟಿದೆ ನೋಡಿ. 2002ರ ಜೂನಿನಲ್ಲಿ ಗ್ನೋಮ್ 2.0 ಬಂದಾಗ ಪ್ಯಾಂಗೋ ಅದರ ಹೊಟ್ಟೆಯಲ್ಲೇ ಇತ್ತು.

ಆದರೆ ಮನೆ ಎರಡಾಗಿತ್ತಲ್ಲ? ಕೆಡಿಇ ಕಡೆಯವರು ಕ್ಯೂಟಿಯೊಳಗೆ ತಮ್ಮದೇ ಶೇಪಿಂಗ್ ಬರೆದರು. ಓಪನ್ ಆಫೀಸ್ ಮೂರನೆಯದು, ಅದು ಐಸಿಯು ಎಂಬ ಬೇರೆ ಗ್ರಂಥಾಲಯವನ್ನು ನೆಚ್ಚಿತ್ತು. ಪರಿಣಾಮ ಏನೆಂದರೆ, ಒಂದೇ ಗಣಕದಲ್ಲಿ, ಒಂದೇ ಫಾಂಟಿನಲ್ಲಿ, ಒಂದೇ ಪದ ಮೂರು ಕಡೆ ಮೂರು ಥರ ಕಾಣುವುದು. ಎಡಿಟರಿನಲ್ಲಿ ಸರಿಯಾಗಿದ್ದ ಪದವನ್ನು ಓಪನ್ ಆಫೀಸಿಗೆ ಅಂಟಿಸಿದರೆ ವತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತು ನೋಡುತ್ತಿತ್ತು. ‘ರ‍್ಯಾಂಕ್’ ಬರೆಯುವುದಂತೂ ಒಂದು ಸಾಹಸ. ಅರ್ಕಾವತ್ತು ಬರದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದಿದೆ, ಅದನ್ನು ಹಲಂತದ ಹಿಂದೆ ಹಾಕಬೇಕೋ ಮುಂದೆ ಹಾಕಬೇಕೋ ಎಂಬುದರಲ್ಲೇ ತಂತ್ರಾಂಶಗಳಿಗೆ ಒಮ್ಮತ ಇರಲಿಲ್ಲ.

ಬ್ರೌಸರ್ ಕಥೆ ಇನ್ನೂ ಮಜ. ಮೊಜಿಲ್ಲಾ ತಾಣದಿಂದ ನೇರ ಇಳಿಸಿಕೊಂಡ ಫೈರ್‌ಫಾಕ್ಸ್ 2 ಲಿನಕ್ಸಿನಲ್ಲಿ ಕನ್ನಡವನ್ನು ಮುರಿದು ತೋರಿಸುತ್ತಿತ್ತು. ಉಬುಂಟು, ಫೆಡೋರಾದವರು ಅದನ್ನೇ ಪ್ಯಾಂಗೋ ಸೇರಿಸಿ ಕಟ್ಟಿ ಕೊಡುತ್ತಿದ್ದರು, ಅದರಲ್ಲಿ ಸರಿಯಾಗಿ ಕಾಣುತ್ತಿತ್ತು. ಆಗಲೇ ಹೇಳಿದೆನಲ್ಲ, ‘ತಿದ್ದಬಹುದು’ ಅಂತ. ಮೂಲ ಮಾಡಿದವರು ಇನ್ನೂ ಸಿದ್ಧವಿಲ್ಲ ಅಂದಾಗ ಹಂಚುವವರು ತಿದ್ದಿ ಹಂಚಿದರು. ಯಾರ ಅಪ್ಪಣೆಗೂ ಕಾಯಲಿಲ್ಲ. 2008ರ ಜೂನ್ 17ರಂದು ಫೈರ್‌ಫಾಕ್ಸ್ 3 ಬಂತು. ಒಂದೇ ದಿನದಲ್ಲಿ 80 ಲಕ್ಷ ಸಲ ಇಳಿಸಿಕೊಂಡು ಗಿನ್ನೆಸ್ ದಾಖಲೆ ಆಯಿತು ಅಂತ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನನಗೆ ದಾಖಲೆಗಿಂತ ಮುಖ್ಯವಾಗಿದ್ದು, ಆವತ್ತಿನಿಂದ ಲಿನಕ್ಸಿನಲ್ಲಿ ಮೊಜಿಲ್ಲಾದ ಸ್ವಂತ ಫೈರ್‌ಫಾಕ್ಸ್ ಕೂಡ ಪ್ಯಾಂಗೋ ಬಳಸತೊಡಗಿದ್ದು. ನಿಮ್ಮ ಬ್ಲಾಗುಗಳೆಲ್ಲ ಒತ್ತಕ್ಷರ ಸಮೇತ ಕಂಡವು!

ಇನ್ನು ಬರೆಯುವುದು. ನುಡಿಯಲ್ಲಿ ಕೈ ಪಳಗಿಸಿಕೊಂಡವರಿಗೆ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಿಟ್ಟರೆ ಬೇರೆ ಬರುವುದಿಲ್ಲ. ಮಂಗಳೂರು ಬಳಿಯ ಕಿನ್ನಿಕಂಬಳದ ರಾಯರು ಮಾಡಿದ ಈ ವಿನ್ಯಾಸದ ಚೆಲುವೇ ಬೇರೆ. ‘ಕೆ’ ಒತ್ತಿದರೆ ಕ, ‘ಎಫ್’ ಒತ್ತಿದರೆ ಹಲಂತ, ಇನ್ನೊಂದು ‘ಕೆ’ ಒತ್ತಿದರೆ ಕ್ಕ. ಮಗ್ಗಿ ಕಲಿತ ಹಾಗೆ, ಒಮ್ಮೆ ಬಂದರೆ ಹೋಗುವುದಿಲ್ಲ. ಲಿನಕ್ಸಿಗೆ ಇದು ಬಂದ ದಾರಿ ಕೇಳಿ: ಚೀನಾದ ಸು ಝೆ ಚೀನೀ ಅಕ್ಷರ ಮೂಡಿಸಲೆಂದು ಶುರು ಮಾಡಿದ್ದು ಸ್ಕಿಮ್. ಜಪಾನಿನ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆನ್‌ಇಚಿ ಹಂಡಾ ಮತ್ತವರ ಬಳಗ ಪ್ರಪಂಚದ ಎಲ್ಲ ಭಾಷೆಗಳಿಗೂ ಕೀಲಿಮಣೆ ನಕ್ಷೆಗಳನ್ನು ಸೇರಿಸಿ ಮಾಡಿದ್ದು ಎಂ17ಎನ್. ಆ ಸಂಗ್ರಹದಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಇತ್ತು, ಐಟ್ರಾನ್ಸ್ ಇತ್ತು, ಜೊತೆಗೆ ಕೆಜಿಪಿ ಅನ್ನುವ ಹೆಸರಿನಲ್ಲಿ ನಮ್ಮ ರಾಯರ ವಿನ್ಯಾಸವೂ ಇತ್ತು. ಚೀನಾದ ಚೌಕಟ್ಟು, ಜಪಾನಿನ ಗ್ರಂಥಾಲಯ, ಅದರೊಳಗೆ ತುಳುನಾಡಿನವರ ಕೀಲಿಮಣೆ. 2008ರಲ್ಲಿ ಸ್ಕಿಮ್ಮಿನ ಜಾಗಕ್ಕೆ ಐಬಸ್ ಬಂತು, ಅದನ್ನು ಶುರು ಮಾಡಿದವರೂ ಚೀನಾದವರೇ, ಹುವಾಂಗ್ ಪೆಂಗ್. ಇವತ್ತು ಈ ಸಾಲು ಬರೆಯುತ್ತಿರುವುದೂ ಐಬಸ್‌ನಲ್ಲೇ.

ಇದನ್ನು ಯೋಚಿಸಿದಾಗಲೆಲ್ಲ ನನಗೊಂದು ಅನ್ನಿಸುತ್ತದೆ. ಲಿನಕ್ಸಿನಲ್ಲಿ ಕನ್ನಡ ತಂದವರಲ್ಲಿ ಕನ್ನಡಿಗರು ಇದ್ದರು, ನಿಜ. ಫಾಂಟುಗಳನ್ನು ಕೊಟ್ಟವರು, ದೋಷ ವರದಿ ಮಾಡಿದವರು, ಕಚೇರಿ ಮುಗಿಸಿ ಬಂದು ರಾತ್ರಿ ಕೂತು ಗ್ನೋಮ್, ಕೆಡಿಇ, ಫೈರ್‌ಫಾಕ್ಸಿನ ಸಾವಿರಾರು ಸಾಲುಗಳನ್ನು ಕನ್ನಡಕ್ಕೆ ತಂದವರು. ಆದರೆ ತಳಮಟ್ಟದ ಕೆಲಸ ಬಹುಪಾಲು ಮಾಡಿದವರು ಕನ್ನಡದ ಒಂದಕ್ಷರವನ್ನೂ ಓದಲಾರದವರು. ತಮ್ಮ ಅರಬ್ಬಿಗೋ ಚೀನೀಗೋ ಮಾಡುವಾಗ ‘ಎಲ್ಲರಿಗೂ ಆಗುವ ಹಾಗೆ ಮಾಡೋಣ’ ಅಂದುಕೊಂಡವರು. ‘ಸಣ್ಣ ಭಾಷೆ, ಮಾರುಕಟ್ಟೆ ಇಲ್ಲ’ ಅನ್ನುವ ಲೆಕ್ಕ ಅಲ್ಲಿ ನಡೆಯಲಿಲ್ಲ.

(ಮೆನುಗಳ ಅನುವಾದದ ಬಗ್ಗೆ ಒಂದು ಪಕ್ಕದ ಮಾತು. ನಾನು ಅವನ್ನು ಕನ್ನಡದಲ್ಲೇ ಇಟ್ಟುಕೊಂಡಿದ್ದೇನೆ. ‘ಕಡತ’, ‘ಸಂಪಾದಿಸು’, ‘ನೋಟ’ ಎಲ್ಲ ಒಂದು ವಾರದಲ್ಲಿ ಒಗ್ಗಿಹೋಗುತ್ತವೆ. ಆದರೆ ಒಂದೇ ಇಂಗ್ಲಿಷ್ ಪದಕ್ಕೆ ಒಂದು ತಂತ್ರಾಂಶದಲ್ಲಿ ಒಂದು ಪದ, ಪಕ್ಕದ್ದರಲ್ಲಿ ಇನ್ನೊಂದು. ಇಬ್ಬರೂ ಒಂದು ಸಲ ಫೋನಿನಲ್ಲಿ ಮಾತಾಡಬಾರದಿತ್ತೆ ಅನ್ನಿಸುತ್ತದೆ.)

ದಿನನಿತ್ಯದ ಬಳಕೆ ಸಾಧ್ಯವಾಗಿದ್ದು ಉಬುಂಟುವಿನಿಂದ ಅಂತ ಹೇಳಿದರೆ ಡೆಬಿಯನ್ ಭಕ್ತರು ಬೈಯುತ್ತಾರೆ, ಆದರೂ ಹೇಳುತ್ತೇನೆ. 2004ರ ಅಕ್ಟೋಬರ್ 20ರಂದು ಮೊದಲ ಆವೃತ್ತಿ. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಕೈಯಿಂದ ಹಣ ಹಾಕಿ, ಕೇಳಿದವರಿಗೆಲ್ಲ ಅಂಚೆಯಲ್ಲಿ ಸಿಡಿ ಕಳಿಸಿದರು. ಹೊರದೇಶದಿಂದ ಬಂದ ಲಕೋಟೆ ಹಿಡಿದು ನಮ್ಮ ಪೋಸ್ಟ್‌ಮ್ಯಾನ್ ‘ಏನ್ ಸಾರ್, ವೀಸಾ ಬಂತಾ?’ ಅಂತ ಕೇಳಿದ್ದ. ಆ ಉಚಿತ ಸಿಡಿ ಯೋಜನೆ 2011ರಲ್ಲಿ ನಿಂತಿತು. ನಾನು ಹಾಕಿಕೊಂಡದ್ದು 2006ರ ಜೂನಿನಲ್ಲಿ ಬಂದ 6.06. ಕನ್ನಡದ ಪೊಟ್ಟಣ ಸೇರಿಸಿದರೆ ಕೇದಗೆ, ಮಲ್ಲಿಗೆ ಅಂತ ಎರಡು ಫಾಂಟು ಬರುತ್ತಿದ್ದವು. ಹೆಸರಿನಷ್ಟು ಚೆಂದ ಅಲ್ಲ, ಆದರೂ ಅವೇ ಆಗ ಗತಿ.

ಅದಕ್ಕೂ ಮೊದಲು ಲಿನಕ್ಸನ್ನು ಮನೆಗೆ ಬರದಂತೆ ತಡೆದದ್ದು ಮೋಡೆಮ್. ಆಗಿನ ಅಗ್ಗದ ಒಳ-ಮೋಡೆಮ್‌ಗಳು ಅರ್ಧ ಕೆಲಸವನ್ನು ವಿಂಡೋಸಿಗೇ ವಹಿಸಿಬಿಡುತ್ತಿದ್ದವು. ಲಿನಕ್ಸಿನಲ್ಲಿ ಅದು ಒಂದು ಸತ್ತ ಹಲಗೆ. ಅಂತರ್ಜಾಲ ಇಲ್ಲದೆ ಲಿನಕ್ಸ್ ಸರಿಪಡಿಸಲಾಗದು, ಲಿನಕ್ಸ್ ಸರಿಯಾಗದೆ ಅಂತರ್ಜಾಲ ಬಾರದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಹಾಗೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದಮೇಲೆ ಹೊರಗಿನ ಪೆಟ್ಟಿಗೆ, ಅದಕ್ಕೊಂದು ಈಥರ್‌ನೆಟ್ ತಂತಿ, ಅಷ್ಟೇ. ಲಿನಕ್ಸ್ ಪ್ರಚಾರಕರೆಲ್ಲ ಸೇರಿ ಮಾಡಲಾಗದ್ದನ್ನು ಆ ತಂತಿ ಮಾಡಿತು ಅಂತ ನನ್ನ ಅಭಿಪ್ರಾಯ. ಇನ್ನೊಂದು ಓಪನ್ ಆಫೀಸಿನ ಪಿಡಿಎಫ್ ಗುಂಡಿ. 2003ರ 1.1 ಆವೃತ್ತಿಯಿಂದಲೇ ಒಂದು ಒತ್ತಿಗೆ ಪಿಡಿಎಫ್ ಆಗುತ್ತಿತ್ತು. ಬೇರೆಯವರು ಅದಕ್ಕೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳುತ್ತಿದ್ದಾಗ ನನ್ನ ಅನುವಾದಗಳು ಆರಾಮಾಗಿ ಪಿಡಿಎಫ್ ಆಗಿ ಹೋಗುತ್ತಿದ್ದವು.

ಮೂರು ಕಡೆ ಮೂರು ಥರ ಕಾಣುವ ಕಾಯಿಲೆಗೆ ಮದ್ದು ಸಿಕ್ಕಿದ್ದು ಹಾರ್ಫ್‌ಬಜ್‌ನಿಂದ. ಪಾರ್ಸಿಯಲ್ಲಿ ‘ಹರ್ಫ್’ ಅಂದರೆ ಅಕ್ಷರ, ‘ಬಾಜ್’ ಅಂದರೆ ತೆರೆದ. ಪ್ಯಾಂಗೋ, ಕ್ಯೂಟಿ ಇಬ್ಬರೂ ಬೇರೆಬೇರೆ ಕಾಪಾಡಿಕೊಂಡಿದ್ದ ಕೋಡನ್ನು ಒಂದುಗೂಡಿಸುವ ಪ್ರಯತ್ನವಾಗಿ ಇದು ಶುರುವಾಯಿತು. ಆಮೇಲೆ ಇರಾನ್ ಮೂಲದ ಬೆಹ್ದಾದ್ ಇಸ್ಫಹ್‌ಬೋದ್ ಅದನ್ನು ಹೊಸದಾಗಿ ಬರೆದರು. 2012ರಲ್ಲಿ ಪ್ಯಾಂಗೋ ಇದನ್ನೇ ಒಪ್ಪಿಕೊಂಡಿತು. 2017ರ ಫೆಬ್ರವರಿಯಲ್ಲಿ ಲಿಬ್ರೆ ಆಫೀಸ್ 5.3 ಬಂದಾಗ ಅದು ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಹಾರ್ಫ್‌ಬಜ್ ಬಳಸತೊಡಗಿತು. ಫೈರ್‌ಫಾಕ್ಸ್, ಕ್ರೋಮ್, ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನು, ಎಲ್ಲದರಲ್ಲೂ ಅದೇ. ಲಿನಕ್ಸ್ ಅಂದರೆ ದೂರ ಓಡುವ ನನ್ನ ಭಾವ ದಿನಾ ಬೆಳಿಗ್ಗೆ ಕಳಿಸುವ ‘ಶುಭೋದಯ’ದ ಅಕ್ಷರಗಳು ಫೋನಿನ ಪರದೆಯಲ್ಲಿ ಅಚ್ಚುಕಟ್ಟಾಗಿ ಕೂರುವುದು ಇದರಿಂದಲೇ. ಭಾವನಿಗೆ ಹೇಳಿಲ್ಲ.

* * *

ಇಲ್ಲಿಗೆ ಕಥೆ ಸುಖಾಂತ ಆಗಬೇಕಿತ್ತು. ನೋಡುವುದು ಸರಿಯಾಯಿತು, ಬರೆಯುವುದು ಸರಿಯಾಯಿತು, ಫಾಂಟುಗಳಿಗೆ ಬರವಿಲ್ಲ: ಲೋಹಿತ್ ಇದೆ, ಗುಬ್ಬಿ ಇದೆ, ನವಿಲು ಇದೆ, ನೋಟೋ ಇದೆ. ಆದರೂ ಯಾಕೆ ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಲಿನಕ್ಸ್ ಕಾಣುವುದಿಲ್ಲ? ಉತ್ತರ ನನಗೆ ಸಿಕ್ಕಿದ್ದು ನಮ್ಮಪ್ಪನ ಕಡತಗಳಲ್ಲಿ.

ಅಪ್ಪ ಮೇಷ್ಟ್ರಾಗಿದ್ದವರು. ನಿವೃತ್ತರಾದಮೇಲೆ ಐದಾರು ವರ್ಷ ಕೂತು ನಮ್ಮೂರಿನ ಕೆರೆ, ತೂಬು, ಕೆರೆ ಕಾಯುತ್ತಿದ್ದ ನೀರಗಂಟಿಗಳ ಮನೆತನಗಳ ಬಗ್ಗೆ ಬರೆದರು. ಬರೆದದ್ದು ಆಗ ದುಡ್ಡು ಕೊಟ್ಟು ಕೊಂಡಿದ್ದ ಒಂದು ಕನ್ನಡ ತಂತ್ರಾಂಶದಲ್ಲಿ. ಅದರ ಹೆಸರು ಇಲ್ಲಿ ಬೇಡ. ಪ್ರಿಂಟರ್ ಚುಚ್ಚುವ ಪ್ಯಾರಲೆಲ್ ಪೋರ್ಟಿಗೆ ಹೆಬ್ಬೆರಳಿನಷ್ಟು ಒಂದು ಡಾಂಗಲ್ ಚುಚ್ಚಿದರೆ ಮಾತ್ರ ಅದು ತೆರೆಯುತ್ತಿತ್ತು. ಗಣಕ ಸತ್ತಿತು. ಹೊಸ ಗಣಕದಲ್ಲಿ ಆ ಪೋರ್ಟೇ ಇಲ್ಲ. ಮಾರಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಪ್ಪ ಒಂದೇ ಮಾತು ಕೇಳಿದ್ದು: “ನಾನು ಬರ್ದಿದ್ದನ್ನ ನಾನೇ ಓದೋಕೆ ಇನ್ಯಾರದೋ ಬೀಗದ ಕೈ ಬೇಕೇನೋ?”

ಅದೃಷ್ಟಕ್ಕೆ ಕಡತಗಳೂ ಫಾಂಟೂ ಒಂದು ಸಿಡಿಯಲ್ಲಿ ಉಳಿದಿದ್ದವು. ಹಳೆಯ ನುಡಿ-ಬರಹ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ನಮ್ಮ ಕನ್ನಡದ ಹುಡುಗರೇ ಬರೆದು ಮುಕ್ತವಾಗಿ ಹಂಚಿದ್ದಾರೆ. ಆದರೆ ಅಪ್ಪನ ಫಾಂಟಿನ ಮನೆಗಳ ಜೋಡಣೆ ನುಡಿಯದ್ದಲ್ಲ, ಬೇರೆಯೇ. ಪರಿವರ್ತಕದ ಮೂಲ ಕೋಡು ಕೈಯಲ್ಲಿದ್ದದ್ದರಿಂದ ದಾರಿ ಇತ್ತು. ಫಾಂಟ್‌ಫೋರ್ಜ್ ಅನ್ನುವ ಮುಕ್ತ ತಂತ್ರಾಂಶದಲ್ಲಿ ಆ ಫಾಂಟು ಬಿಚ್ಚಿ, ಯಾವ ಮನೆಯಲ್ಲಿ ಯಾವ ತುಣುಕಿದೆ ಅಂತ ಒಂದೊಂದಾಗಿ ಪಟ್ಟಿ ಬರೆದೆ. ನಾಲ್ಕು ಸಂಜೆ ಹಿಡಿಯಿತು.

ಪಟ್ಟಿ ಮಾಡುವುದು ಸುಲಭ, ಕಷ್ಟ ಇರುವುದು ಕ್ರಮದಲ್ಲಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ‘ಸೂರ್ಯ’ದಲ್ಲಿ ಮೊದಲು ಸೂ, ಆಮೇಲೆ ಯ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಿಗೆ ಬರುವ ಕ್ರಮ: ಸೂ, ರ್, ಯ. ಇದನ್ನು ಹಿಂದುಮುಂದು ಮಾಡದೆ ಸುಮ್ಮನೆ ಬದಲಿಸಿದರೆ ‘ಸೂಯರ್’ ಆಗುತ್ತದೆ. ಅಂತರ್ಜಾಲದಲ್ಲಿ ‘ಕಾಯರ್ಕ್ರಮ’, ‘ಸಕಾರ್ರ’, ‘ಮಾಗರ್’ ಅಂತೆಲ್ಲ ನೋಡಿರುತ್ತೀರಲ್ಲ, ಅವರಿಗೆ ಕನ್ನಡ ಬರುವುದಿಲ್ಲ ಅಂತಲ್ಲ, ಅವರ ಪರಿವರ್ತಕಕ್ಕೆ ಅರ್ಕಾವತ್ತು ಬರುವುದಿಲ್ಲ, ಅಷ್ಟೇ. ಮೊದಲ ಪ್ರತಿ ಅಪ್ಪನಿಗೆ ಕೊಟ್ಟಾಗ ಕನ್ನಡಕ ಹಣೆಗೇರಿಸಿ “ಇದ್ಯಾವ್ದೋ ಸೂಯರ್ರು, ಫಾರಿನ್ ಸ್ಟೀಮರ್ ಹೆಸರಿದ್ದ ಹಾಗಿದೆ” ಅಂದರು. ನಾಲ್ಕು ಸಾಲು ಸೇರಿಸಿದಮೇಲೆ ಸೂರ್ಯ ಸರಿಯಾದ.

ಗಣಕ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಬರೆದಿಟ್ಟದ್ದನ್ನು ಬಿಡಿಸಿಕೊಳ್ಳುವುದು ವರ್ಷಗಳ ಕೆಲಸ. ನಮ್ಮ ಜಿಲ್ಲೆ-ತಾಲ್ಲೂಕು ಕಚೇರಿಗಳಲ್ಲಿ, ಪ್ರಕಾಶಕರ ಬೀರುಗಳಲ್ಲಿ ಹೀಗೆ ಪೌಂಡಿನ ವೇಷದಲ್ಲಿ ಕೂತಿರುವ ಕನ್ನಡ ಎಷ್ಟಿದೆಯೋ!

ಈ ಪಾಡು ನಮ್ಮೊಬ್ಬರದೇ ಅಲ್ಲ. ಲಿನಕ್ಸ್ ಡೆಸ್ಕ್‌ಟಾಪಿನ ಚರಿತ್ರೆಯಲ್ಲಿ ಬಹಳ ಹೆಸರಾದದ್ದು ಜರ್ಮನಿಯ ಮ್ಯೂನಿಕ್. 2003ರ ಮೇ ತಿಂಗಳಲ್ಲಿ ಅಲ್ಲಿನ ನಗರಸಭೆ ಸುಮಾರು 14,000 ಗಣಕಗಳನ್ನು ಲಿನಕ್ಸಿಗೆ ಬದಲಿಸಲು ತೀರ್ಮಾನಿಸಿತು. ತಡೆಯುವುದಕ್ಕೆ ಮೈಕ್ರೋಸಾಫ್ಟಿನ ಸ್ಟೀವ್ ಬಾಮರ್ ರಜೆಯ ನಡುವೆಯೇ ಬಂದು ಮೇಯರ್ ಕ್ರಿಶ್ಚಿಯನ್ ಊಡೆಯವರನ್ನು ಕಂಡಿದ್ದರು. ಬದಲಾವಣೆ ಮುಗಿದದ್ದು 2013ರಲ್ಲಿ. ಹತ್ತು ವರ್ಷ ಯಾಕೆ ಬೇಕಾಯಿತು? ಲಿನಕ್ಸ್ ಹಾಕುವುದಕ್ಕಲ್ಲ. ಇಲಾಖೆ ಇಲಾಖೆಯಲ್ಲೂ ತಮ್ಮ ತಮ್ಮದೇ ನಮೂನೆಗಳು, ಮ್ಯಾಕ್ರೋಗಳು, ವಿಂಡೋಸಿನಲ್ಲಿ ಮಾತ್ರ ಓಡುವ ತಂತ್ರಾಂಶಗಳು. ನಮೂನೆಗಳಿಗೆಂದೇ ವೋಲ್‌ಮುಕ್ಸ್ ಅಂತ ಹೊಸ ತಂತ್ರಾಂಶ ಬರೆಯಬೇಕಾಯಿತು. 2017ರಲ್ಲಿ, ಬೇರೆ ಮೇಯರ್ ಇದ್ದಾಗ, ನಗರಸಭೆ ಮತ್ತೆ ವಿಂಡೋಸಿಗೆ ಮರಳಲು ಮತ ಹಾಕಿತು. ತಮಾಷೆಯೆಂದರೆ, ಅದಕ್ಕೂ ಮುಂಚೆ 2016ರಲ್ಲಿ ನಗರಸಭೆಯೇ ತರಿಸಿಕೊಂಡ ವರದಿ, ತೊಂದರೆಯ ಮೂಲ ಹೆಚ್ಚಾಗಿ ಆಡಳಿತದ ಜೋಡಣೆಯಲ್ಲಿದೆ ಅಂದಿತ್ತು. ಅದೇ ದೇಶದ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಗಣಕಗಳಿಗೆ ಇದೇ ದಾರಿ ಹಿಡಿದಾಗ, ಮೊದಲು ಲಿಬ್ರೆ ಆಫೀಸ್ ಮತ್ತು ಮುಕ್ತ ಕಡತ ಮಾದರಿ, ಆಪರೇಟಿಂಗ್ ಸಿಸ್ಟಮ್ ಆಮೇಲೆ, ಅಂತ ಇಟ್ಟುಕೊಂಡಿತು. ಮೊದಲು ಕಡತ ಬಿಡಿಸಿಕೊಳ್ಳಿ ಅನ್ನುವ ಲೆಕ್ಕ. ನನಗೆ ಇದೇ ಸರಿ ಅನ್ನಿಸುತ್ತದೆ.

ನಮ್ಮಲ್ಲಿ ಇನ್ನೂ ಬಿಡಿಸಿಕೊಳ್ಳದೇ ಇರುವುದು ಅಚ್ಚಿನ ಮನೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದನ್ನು ಮುಂದುವರಿಸುವುದನ್ನು ಅಡೋಬಿ 2004ರಲ್ಲೇ ನಿಲ್ಲಿಸಿತು. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಆದರೂ ಅದರಲ್ಲೇ ಕೈ ಪಳಗಿದ ಪುಟವಿನ್ಯಾಸಕಾರರಿಗೆ ಬೇರೆಯದು ರುಚಿಸುವುದಿಲ್ಲ. ಲಿನಕ್ಸಿನ ಸ್ಕ್ರೈಬಸ್‌ನಲ್ಲಿ ಒತ್ತಕ್ಷರ ಸರಿಯಾಗಿ ಬಂದದ್ದು 2017ರ 1.5.3 ಎಂಬ ಪ್ರಯೋಗದ ಆವೃತ್ತಿಯಲ್ಲಿ. ಪಕ್ಕಾ ಆವೃತ್ತಿ 1.6 ಬಂದದ್ದು 2024ರ ಜನವರಿ 1ಕ್ಕೆ! ಇದು ತಡವಾಯಿತು, ತುಂಬಾ ತಡವಾಯಿತು. ಇದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಅಪ್ಪನ ಪುಸ್ತಕವನ್ನು ನಾನು ಕೊನೆಗೆ ಝೀಟೆಕ್‌ನಲ್ಲಿ ಪುಟ ಕಟ್ಟಿದೆ (ಅದು ಲಿನಕ್ಸಿಗೆ 2006ರಲ್ಲೇ ಬಂದಿತ್ತು, ಕನ್ನಡಕ್ಕೆ ಯಾವ ತೊಂದರೆಯೂ ಕೊಡುವುದಿಲ್ಲ, ಕಲಿಯುವ ತಾಳ್ಮೆ ಬೇಕು). ಪಿಡಿಎಫ್ ಹಿಡಿದು ಮುದ್ರಣಾಲಯಕ್ಕೆ ಹೋದರೆ ಅಲ್ಲಿನವರು “ಪೇಜ್‌ಮೇಕರ್ ಫೈಲ್ ಕೊಡಿ ಸಾರ್, ಇದರಲ್ಲಿ ತಿದ್ದೋಕಾಗಲ್ಲ” ಅಂದರು. ತಿದ್ದುವುದು ಬೇಡ, ಹೀಗೇ ಅಚ್ಚು ಹಾಕಿ ಅಂತ ಒಪ್ಪಿಸುವುದಕ್ಕೆ ಎರಡು ಕಾಫಿ ಖರ್ಚಾಯಿತು. ಇನ್ನೂರು ಪ್ರತಿ ಬಂದವು. ಊರಿನ ಲೈಬ್ರರಿಗೆ ಎರಡು ಕೊಟ್ಟಿದ್ದೇವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹನ್ನೊಂದನ್ನು ಹಾಕೋಣ ಅಂದರೆ ಹಳೆಯ ಯಂತ್ರಗಳನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಬೀದಿಯಲ್ಲಿ ಕೋರ್ಟಿನ ಕಾಗದಪತ್ರ ಟೈಪ್ ಮಾಡಿಕೊಡುವವರೊಬ್ಬರು ಅಂಥದ್ದೇ ಒಂದು ಯಂತ್ರ ಇಟ್ಟುಕೊಂಡು ಬಂದು ಕೇಳಿದರು, ಇದಕ್ಕೆ ನಿಮ್ಮ ಆ ಪೆಂಗ್ವಿನ್ ಹಾಕಬಹುದಾ ಅಂತ. ಮಿಂಟ್ ಹಾಕಿಕೊಟ್ಟೆ. ಕೆಜಿಪಿ ಕೀಲಿಮಣೆ ಆರಿಸಿಕೊಟ್ಟ ತಕ್ಷಣ ಅವರ ಬೆರಳು ತಾನಾಗಿ ಓಡಿತು, ಏನೂ ಹೇಳಿಕೊಡಬೇಕಾಗಲಿಲ್ಲ. ಆಮೇಲೆ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಹದಿನೆಂಟು ವರ್ಷದ ನಮೂನೆಗಳು, ಎಲ್ಲ ಹಳೆಯ ನುಡಿಯಲ್ಲಿ. ದಿನಕ್ಕೆ ಹತ್ತರಂತೆ ಪರಿವರ್ತಿಸಿ ಕೊಡುತ್ತಿದ್ದೇನೆ, ಅವರು ಕೂತು ಅರ್ಕಾವತ್ತು ನೋಡುತ್ತಿದ್ದಾರೆ. ನಿನ್ನೆಗೆ ಬಾಡಿಗೆ ಕರಾರು ಪತ್ರಗಳು ಮುಗಿದವು. ನಾಳೆಯಿಂದ ಅಫಿಡವಿಟ್ಟುಗಳು.